ವ್ಯಾಪಾರದ ಕೂಟ ಬಿಟ್ಟು ಹೊರಗ ಬಂದ್ರ ದೇಶಕ್ಕ ಲಾಭಾನೋ ಲುಕ್ಸಾನೋ? ಮಿಲ್ಲಿನ್ಯಾಗ ಪಂದ್ಯಾ ಬಿದ್ದೈತಿ, ತೀರ್ಪು ಹೇಳ್ರಿ

ಕಾರಟಗಿ_ಲೆಕ್ಕ
ಎಲ್ಲಾರಿಗೂ ಶರಣ್ರೀ. ನಾ ಕಾರಟಗಿ ಕಡೆ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರಿಯಾಂವ. ನಿನ್ನೆ ಮಧ್ಯಾಹ್ನ ಕರೆಂಟ್ ಹೋತು. ಕೆಲಸಿಲ್ದ ಕುಂತ್ರ ಏನಾಗತೈತಿ, ಜಗಳ ಆಗತೈತಿ. ನಮ್ಮ ಸಾಹುಕಾರ್ರ ಮಗಾ ಇಂಗ್ಲೆಂಡಿನ್ಯಾಗ ಎರಡು ವರ್ಷ ಓದಿ ಬಂದಾನ. ಅಂವ ಅಂದ, "ಯುರೋಪಿನ ಒಕ್ಕೂಟ ಬಿಟ್ಟು ಬ್ರಿಟನ್ ತನ್ನ ಕಾಲ ಮ್ಯಾಲೆ ತಾನ ಕಲ್ಲು ಹಾಕ್ಕೊಂತು" ಅಂತ. ಹಮಾಲರ ಮೇಸ್ತ್ರಿ ಸುಮ್ಮನಿರ್ತಾನಾ? "ಒಕ್ಕೂಟದಾಗ ಇದ್ದಿದ್ರ ನಮ್ಮ ದೇಶದ ಜೋಡಿ ಒಪ್ಪಂದ ಮಾಡ್ಕೊಳ್ಳಾಕ ಅವರಪ್ಪನ್ನ ಕೇಳಬೇಕಿತ್ತು. ಬಿಟ್ಟಿದ್ದಕ್ಕ ಸಹಿ ಹಾಕಿದ್ರು" ಅಂದ. ಸೋತಾಂವ ಹದಿನಾಲ್ಕು ಮಂದಿಗೆ ಒಗ್ಗಾಣಿ ಮಿರ್ಚಿ ಕೊಡಿಸಬೇಕು ಅಂತ ಪಂದ್ಯಾ. ಜಡ್ಜ್ ನಾನಂತ. ನನಗೇನ್ ಗೊತ್ರೀ ಇದು? ತಿಳಿದೋರು ಹೇಳ್ರಿ.

ಜೀನ್ಸ್_ದಾರ (ಬಳ್ಳಾರಿ)
ಮಿರ್ಚಿ ಮೊದಲು ತಿನ್ನಿ. ತೀರ್ಪು ಕೊಟ್ಟಮೇಲೆ ಸೋತವನು ನಾಪತ್ತೆ ಆಗ್ತಾನೆ.

ನಿವೃತ್ತ_ಮೇಷ್ಟ್ರು (ರಾಯಚೂರು)
ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕೂಟ ಅಂದರೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಸದಸ್ಯರು ತಮ್ಮತಮ್ಮೊಳಗೆ ಸುಂಕ ತೆಗೆದುಹಾಕುತ್ತಾರೆ, ಹೊರಗಿನವರಿಗೆ ಎಷ್ಟು ಸುಂಕ ಅನ್ನುವುದು ಅವರವರ ಇಷ್ಟ. ಇನ್ನೊಂದು ಸುಂಕದ ಒಕ್ಕೂಟ. ಅಲ್ಲಿ ಹೊರಗಿನವರಿಗೂ ಎಲ್ಲರದ್ದೂ ಒಂದೇ ದರ. ಹಾಗಾಗಿ ಒಬ್ಬನೇ ಹೋಗಿ ಮೂರನೆಯವನ ಜೊತೆ ಸುಂಕದ ಮಾತುಕತೆ ಮಾಡುವ ಹಾಗಿಲ್ಲ. ಯುರೋಪಿನ ಒಕ್ಕೂಟ ಇದಕ್ಕೂ ಒಂದು ಹೆಜ್ಜೆ ಮುಂದೆ. ಸರಕು, ಸೇವೆ, ಬಂಡವಾಳ, ಕೆಲಸಗಾರ, ನಾಲ್ಕಕ್ಕೂ ಅಲ್ಲಿ ಗಡಿ ಇಲ್ಲ.

ಬ್ರಿಟನ್ನಿನಲ್ಲಿ ಜನಮತ ಆಗಿದ್ದು 2016ರ ಜೂನ್ 23ಕ್ಕೆ. ಬಿಡೋಣ ಅಂದವರು ಶೇ 51.9. ಒಕ್ಕೂಟದಿಂದ ಹೊರಬಿದ್ದದ್ದು 2020ರ ಜನವರಿ 31ಕ್ಕೆ, ಆದರೆ ಹಳೆಯ ವ್ಯಾಪಾರ ನಿಯಮ ಆ ವರ್ಷದ ಕೊನೆಯವರೆಗೂ ನಡೆಯಿತು. ನಮ್ಮ ಜೊತೆ ಮಾತುಕತೆ ಶುರುವಾಗಿದ್ದು 2022ರ ಜನವರಿಯಲ್ಲಿ, ಸಹಿ ಬಿದ್ದದ್ದು 2025ರ ಜುಲೈ 24ಕ್ಕೆ. ಒಳಗಿದ್ದರೆ ಬ್ರಿಟನ್ ಒಂಟಿಯಾಗಿ ಇದನ್ನು ಮಾಡುವಂತಿರಲಿಲ್ಲ. ಅಷ್ಟರಮಟ್ಟಿಗೆ ಮೇಸ್ತ್ರಿ ಸರಿ.

ಕಾರಟಗಿ_ಲೆಕ್ಕ
ಮೇಷ್ಟ್ರೇ, ಇದನ್ನ ಮೇಸ್ತ್ರಿಗೆ ಓದಿ ಹೇಳಿದೆ. ಈಗ ಮೀಸಿ ತಿರುವಾಕತ್ಯಾನ.

ಹೊಸಪೇಟೆ_ಟು_ಲೆಸ್ಟರ್
ಮೀಸೆ ಸ್ವಲ್ಪ ಇಳಿಸೋಕೆ ಹೇಳಿ. ನಾನು ಒಂಬತ್ತು ವರ್ಷದಿಂದ ಇಲ್ಲೇ ಇಂಗ್ಲೆಂಡಿನ ಲೆಸ್ಟರಲ್ಲಿ ಇದೀನಿ, ತಿಂಡಿ ಸಾಮಾನಿನ ಗೋದಾಮಿನಲ್ಲಿ ಕೆಲಸ.

ಭಾರತದ ಒಪ್ಪಂದದಿಂದ ದೇಶದ ಆದಾಯ ಎಷ್ಟು ಏರುತ್ತೆ ಅಂತ ಇಲ್ಲಿನ ಸರ್ಕಾರದ್ದೇ ಒಂದು ಅಂದಾಜಿದೆ: ದೀರ್ಘಾವಧಿಯಲ್ಲಿ ಸುಮಾರು ಶೇ 0.1. ಒಕ್ಕೂಟ ಬಿಟ್ಟಿದ್ದಕ್ಕೆ ಉತ್ಪಾದಕತೆ, ಅಂದ್ರೆ ಗಂಟೆಗೆ ಆಗೋ ದುಡಿಮೆಯ ಫಲ, ಎಷ್ಟು ಕುಸಿಯುತ್ತೆ ಅಂತ ಇಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿ ಇಟ್ಟುಕೊಂಡ ಲೆಕ್ಕ ಶೇ 4. ಲೆಕ್ಕ ಬರೆಯೋರು ನೀವು, ಕಳೆದು ನೋಡಿ.

ಅಂಕಿ ಬಿಡಿ, ಕಣ್ಣಲ್ಲಿ ಕಂಡಿದ್ದು ಹೇಳ್ತೀನಿ. 2020ರ ತನಕ ಪೋಲೆಂಡಿನಿಂದ ಲಾರಿ ಬಂದ್ರೆ ಡ್ರೈವರ್ ಕೈಯಲ್ಲಿ ಒಂದು ಚೀಟಿ ಇರ್ತಿತ್ತು. ಇಷ್ಟು ಪೆಟ್ಟಿಗೆ ಉಪ್ಪಿನಕಾಯಿ, ಇಷ್ಟು ಸಾಸೇಜು, ಸಹಿ ಹಾಕಿ ಇಳಿಸ್ಕೊಳ್ಳಿ, ಅಷ್ಟೇ. ಈಗ ಕಸ್ಟಮ್ಸ್ ಘೋಷಣೆ ಬೇರೆ, ಮೂಲ ಯಾವ ದೇಶದ್ದು ಅನ್ನೋ ಪತ್ರ ಬೇರೆ, ಮಾಂಸ ಚೀಸ್ ಇದ್ರೆ ಪಶುವೈದ್ಯರ ಸಹಿ ಬೇರೆ. ಸುಂಕ ಸೊನ್ನೇನೇ ರೀ! ಬಿಟ್ಟಮೇಲೆ ಯುರೋಪಿನ ಜೊತೆ ಮಾಡ್ಕೊಂಡ ಒಪ್ಪಂದದಲ್ಲಿ ಸುಂಕ ಇಲ್ಲ. ಆದ್ರೆ ಸುಂಕ ಇಲ್ಲ ಅಂತ ತೋರಿಸೋ ಕಾಗದಕ್ಕೇ ದುಡ್ಡು. ನಮಗೆ ಮಾಲು ಕಳಿಸ್ತಿದ್ದ ಇಬ್ಬರು ಸಣ್ಣ ವ್ಯಾಪಾರಿಗಳು ಈ ತಲೆನೋವೇ ಬೇಡ ಅಂತ ನಿಲ್ಲಿಸಿಬಿಟ್ರು. ದೊಡ್ಡವರು ಒಬ್ಬ ಗುಮಾಸ್ತನ್ನ ಇಟ್ಕೊಂಡು ಸುಧಾರಿಸ್ಕೊಂಡ್ರು.

ನಮ್ಮ ಹೊಸಪೇಟೆಯವರಿಗೆ ಇದೆಲ್ಲ ಹೊಸದಲ್ಲ ಬಿಡಿ. 2021ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ವಿಜಯನಗರ ಆದವರು ನಾವು 😄

ಜೀನ್ಸ್_ದಾರ (ಬಳ್ಳಾರಿ)
ಹೂಂ, ಹಂಪಿನೂ ಹೊತ್ಕೊಂಡು ಹೋದ್ರಿ, ಡ್ಯಾಮೂ ಹೊತ್ಕೊಂಡು ಹೋದ್ರಿ. ನಮಗೆ ಉಳಿದಿದ್ದು ಧೂಳು ಮತ್ತೆ ಬಿಸಿಲು.

ಸಂಡೂರು_ಕೆಂಪುಮಣ್ಣು
ಧೂಳು ನಮ್ದು. ಅದರಾಗೂ ಪಾಲು ಕೇಳಬೇಡ್ರಿ.

ಎಡದಂಡೆ_ಟೇಲೆಂಡ್ (ಮಾನ್ವಿ)
ಕೂಟದಾಗ ಇದ್ರ ತ್ರಾಸು, ಬಿಟ್ರ ಅದಕ್ಕಿಂತ ತ್ರಾಸು. ತುಂಗಭದ್ರಾ ಮಂಡಳಿ ನೋಡ್ರಿ. ಮೂರು ರಾಜ್ಯ ಕೂಡಿ ನೀರು ಹಂಚ್ಕೋಬೇಕು. ಕಾಲುವಿ ಕಡೀ ಭಾಗದಾಗ ನಾವು ಬಾಯಿ ಬಿಟ್ಕೊಂಡು ಕುಂದರ್ತೀವಿ. ಹಂಗಂತ ಮಂಡಳಿ ಬ್ಯಾಡ ಅಂದ್ರ ನಮಗ ನೀರು ಜಾಸ್ತಿ ಬರತೈತೇನು?

ಯುಪಿಎಸ್ಸಿ_ನಾಲ್ಕನೇ_ಸಲ (ಕೊಪ್ಪಳ)
ಸರ್, ಹೋಲಿಕೆ ತಪ್ಪು. ನೀರು ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಕಮ್ಮಿ. ವ್ಯಾಪಾರ ಹಾಗಲ್ಲ, ಇಬ್ಬರಿಗೂ ಲಾಭ ಆಗಬಹುದು.

ಎಡದಂಡೆ_ಟೇಲೆಂಡ್ (ಮಾನ್ವಿ)
ತಮ್ಮಾ, ನೀ ಭತ್ತ ಮಾರಿಲ್ಲ ಕಾಣತೈತಿ. ದಲಾಲಿ ಜೋಡಿ ವ್ಯಾಪಾರ ಮಾಡಿ ನೋಡು, ಇಬ್ಬರಿಗೂ ಹೆಂಗ ಲಾಭ ಆಗತೈತಿ ಅಂತ.

2024ರ ಆಗಸ್ಟ್‌ನ್ಯಾಗ ಹತ್ತೊಂಬತ್ತನೇ ಗೇಟು ಕೊಚ್ಕೊಂಡು ಹೋದಾಗ ಎಲ್ಲಾ ಕೂಡೇ ಓಡಿ ಬಂದ್ರಲ್ಲ, ಅದಕ್ಕ ಹೇಳಿದೆ.

ಕರೋಡಗಿರಿ_ಮೊಮ್ಮಗ (ಆನೆಗುಂದಿ)
ನೀವೆಲ್ಲಾ ಲಂಡನ್ನು ಪೋಲೆಂಡು ಅಂತೀರಿ. ಸುಂಕದ ಗಡಿ ನಮ್ಮ ಹೊಳೀ ದಂಡಿಗೇ ಇತ್ತು, ಮರೆತೀರೇನು?

ನಿಜಾಮನ ಕಾಲದಾಗ ತುಂಗಭದ್ರಾ ಈಚೆ ದಂಡಿ, ಅಂದ್ರ ಆನೆಗುಂದಿ, ಗಂಗಾವತಿ, ಕೊಪ್ಪಳ, ರಾಯಚೂರು, ಎಲ್ಲಾ ಹೈದರಾಬಾದ್ ಸಂಸ್ಥಾನ. ಆಚೆ ದಂಡಿ ಹಂಪಿ, ಹೊಸಪೇಟಿ, ಬಳ್ಳಾರಿ ಇಂಗ್ಲಿಷರ ಮದ್ರಾಸ್ ಪ್ರಾಂತ್ಯ. ನಡುವ ಸುಂಕದ ಇಲಾಖೆ. ಅದಕ್ಕ ಕರೋಡಗಿರಿ ಅಂತಿದ್ರು. ಆಚೆಯಿಂದ ಮಾಲು ತಂದ್ರ ನೂರಕ್ಕ ಐದು ರೂಪಾಯಿ ಸುಂಕ. ರೊಕ್ಕಾನೂ ಬ್ಯಾರೆ, ನಮ್ಮದು ಹಾಲಿ ಸಿಕ್ಕಾ. ಅದರ ಏಳು ರೂಪಾಯಿ ಕೊಟ್ರ ಇಂಗ್ಲಿಷರ ಆರು ಬರ್ತಿದ್ವು.

ನಮ್ಮಜ್ಜ ಹೇಳಿದ್ದು: ಅಂವನ ತಂಗಿ ಮದುವಿಗೆ ಹೊಸಪೇಟಿಗೆ ಹೋಗಿ ಬಟ್ಟಿ ತಂದ್ರಂತ. ವಾಪಸ್ ಬರುವಾಗ ತಳವಾರಘಟ್ಟದಾಗ ಹರಿಗೋಲು ಹತ್ತೂ ಮುಂಚೆ ನಾಕು ಧೋತ್ರ ಒಂದರ ಮ್ಯಾಲೆ ಒಂದು ಉಟ್ಕೊಂಡಾನ. ಅವರವ್ವ ಮೂರು ಸೀರಿ ಸುತ್ಕೊಂಡಾಳ. ಮೇ ತಿಂಗಳು, ಬಿಸಿಲು ಕೆಂಡ ಕಾರಾಕತ್ತೈತಿ. ಈಚೆ ದಂಡಿಗೆ ಇಳಿದಾಗ ಚೌಕಿಯಾಂವ ಇವರನ್ನ ನೋಡಿದ, ಮಾತಾಡಲಿಲ್ಲ. ಬಂಡಿ ಮ್ಯಾಲೆ ಕುಂದ್ರಿಸಿ, "ನೀರು ಕುಡೀರಿ, ಸಾವಕಾಶ ಹೋಗ್ರಿ, ಅವಸರಿಲ್ಲ" ಅಂದನಂತ. ಅರ್ಧ ತಾಸು ಬಿಸಿಲಾಗ ಕುಂತ ಮ್ಯಾಲೆ ಅಜ್ಜನ ಅವ್ವ ತಾನ ಎದ್ದು, "ತಗೋಳಪ್ಪಾ ನಿನ್ನ ಸುಂಕಾ, ನನ್ನ ಜೀವಾ ಹೊಂಟೈತಿ" ಅಂತ ಎರಡು ಸೀರಿ ಬಿಚ್ಚಿ ಇಟ್ಲು.

ಹೈದರಾಬಾದು ಭಾರತಕ್ಕ ಸೇರಿ, ಮುಂದ ಕರೋಡಗಿರಿ ಹೋತು. ಅಜ್ಜ ಬದುಕಿರೋ ತನಕ ಒಂದ ಮಾತು ಅಂತಿದ್ದ: ಚೌಕಿ ಹೋದ ವರ್ಷ ಗಂಗಾವತಿ ಬಟ್ಟಿ ಅಂಗಡಿಯಾಂವ ಅತ್ತ, ಊರೆಲ್ಲಾ ನಕ್ತು.

ಮಸ್ಕಿ_ಮಲ್ಲಿಗೆ
ಅಜ್ಜಿಗೆ ದೊಡ್ಡ ನಮಸ್ಕಾರ 🙏 ನಗಿ ತಡಕೊಳ್ಳಾಕ ಆಗವಲ್ದು

ನಿವೃತ್ತ_ಮೇಷ್ಟ್ರು (ರಾಯಚೂರು)
ಬಟ್ಟೆ ಅಂಗಡಿಯವನು ಅತ್ತ ಅಂದಿರಲ್ಲ, ಇಡೀ ವಿಷಯ ಅಲ್ಲಿದೆ. ದೇಶಕ್ಕೆ ಲಾಭವೋ ನಷ್ಟವೋ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ದೇಶದ ಒಳಗೆ ಯಾರಿಗೆ ಅಂತ ಕೇಳಬೇಕು.

ಜೀನ್ಸ್_ದಾರ (ಬಳ್ಳಾರಿ)
ಹಾಗಾದ್ರೆ ಬಟ್ಟೆ ಅಂಗಡಿಯವನ ಕಡೆ ನಾನು ನಿಲ್ತೀನಿ. ನನ್ನದು ಇಪ್ಪತ್ತೆರಡು ಮೆಷಿನ್ನಿನ ಸಣ್ಣ ಯೂನಿಟ್. ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರದ ಒಪ್ಪಂದ ಅಂತ ಒಂದಿದೆ, 2006ರಿಂದ. ಅದರ ಕೆಳಗೆ 2011ರಲ್ಲಿ ಬಾಂಗ್ಲಾದೇಶದ ಬಟ್ಟೆಗೆ ನಮ್ಮ ದೇಶ ಸುಂಕ ತೆಗೆದುಹಾಕ್ತು. ಅಲ್ಲಿಂದ ಬರೋ ಪ್ಯಾಂಟಿನ ರೇಟು ಕೇಳಿದ್ರೆ ನನಗೆ ಬಟ್ಟೆ ಖರ್ಚೂ ಹುಟ್ಟಲ್ಲ. 2025ರ ಮೇನಲ್ಲಿ ಅವರ ಬಟ್ಟೆ ರಸ್ತೆ ಗಡಿಯಲ್ಲಿ ಬರೋ ಹಾಗಿಲ್ಲ, ಮುಂಬೈ ಕೋಲ್ಕತ್ತಾ ಬಂದರಿಗೆ ಮಾತ್ರ ಬರಬೇಕು ಅಂತ ಆಯ್ತಲ್ಲ, ಅವತ್ತು ನಮ್ಮ ಓಣಿಯಲ್ಲಿ ಪೇಡೆ ಹಂಚಿದ್ವಿ. ಇಂಥ ಕೂಟ ಬಿಟ್ರೆ ನನಗೇನೂ ಬೇಜಾರಿಲ್ಲ.

ಹೊಸಪೇಟೆ_ಟು_ಲೆಸ್ಟರ್
ಅಣ್ಣಾ, ನಿನ್ನ ಪ್ಯಾಂಟಿನ ಜಿಪ್ಪು ಎಲ್ಲಿಂದ ಬರುತ್ತೆ?

ಜೀನ್ಸ್_ದಾರ (ಬಳ್ಳಾರಿ)
...ಚೀನಾ.

ಹೊಸಪೇಟೆ_ಟು_ಲೆಸ್ಟರ್
ಬಟನ್ನು?

ಜೀನ್ಸ್_ದಾರ (ಬಳ್ಳಾರಿ)
ಮಾತು ತಿರುಗಿಸಬೇಡ. ಡೆನಿಮ್ ಅಹಮದಾಬಾದಿಂದು, ಹೊಲಿಗೆ ನಮ್ದು, ವಾಷಿಂಗ್ ನಮ್ದು. ಆದ್ರೂ ಒಪ್ಪಿದೆ, ಸುಂಕ ಏರಿದ್ರೆ ಜಿಪ್ಪಿಗೂ ಏರುತ್ತೆ. ಹೋದ ತಿಂಗಳು ಒಂದು ಲಾಟು ಜಿಪ್ಪು ತಡ ಆಗಿ ನಾನೂರು ಪ್ಯಾಂಟು ಬಾಯಿ ತೆರ್ಕೊಂಡು ಬಿದ್ದಿದ್ವು.

ಇನ್ನೊಂದು ಹೇಳ್ಬೇಕು. ಬ್ರಿಟನ್ನಿಗೆ ನಮ್ಮ ಬಟ್ಟೆ ಹೋದ್ರೆ ಶೇ 12ರ ತನಕ ಸುಂಕ ಬೀಳ್ತಿತ್ತು, ಬಾಂಗ್ಲಾದವರಿಗೆ ಸೊನ್ನೆ. ಈ ಒಪ್ಪಂದದಲ್ಲಿ ನಮಗೂ ಸೊನ್ನೆ. ಅದಕ್ಕೇ ಮೇಸ್ತ್ರಿ ಪರ ನನ್ನ ಓಟು. ಬ್ರಿಟನ್ ಒಕ್ಕೂಟ ಬಿಟ್ಟಿದ್ದು ಬ್ರಿಟನ್ನಿಗೆ ಒಳ್ಳೇದಾಯ್ತೋ ಇಲ್ವೋ, ಬಳ್ಳಾರಿಗೆ ಒಳ್ಳೇದಾಗಬಹುದು.

ಕಾರಟಗಿ_ಲೆಕ್ಕ
ಪಂದ್ಯಾ ಬಳ್ಳಾರಿ ಮ್ಯಾಲೆ ಅಲ್ಲರೀ, ಬ್ರಿಟನ್ ಮ್ಯಾಲೆ.

ನಾಕು_ಎಮ್ಮಿ (ಸಿರುಗುಪ್ಪ)
ನಾನು ಹೆಣಮಗಳು, ಡೇರಿಗೆ ಹಾಲು ಹಾಕಾಕಿ. ನನಗ ಗೊತ್ತಿರೋದು ಹೇಳ್ತೀನಿ. 2019ರಾಗ ಆರ್‌ಸಿಇಪಿ ಅಂತ, ಚೀನಾ, ನ್ಯೂಜಿಲ್ಯಾಂಡ್ ಎಲ್ಲಾ ಕೂಡಿದ ವ್ಯಾಪಾರದ ಕೂಟ, ಬಂದಿತ್ತಲ್ಲ, ನಮ್ಮ ಸಂಘದಾಗ ಮೀಟಿಂಗ್ ಮ್ಯಾಲೆ ಮೀಟಿಂಗ್. ನ್ಯೂಜಿಲ್ಯಾಂಡಿನ ಹಾಲಿನ ಪುಡಿ ಬಂದ್ರ ನಮ್ಮ ಹಾಲು ಚರಂಡಿಗೆ ಅಂತ ಸೆಕ್ರೆಟರಿ ಹೇಳಿದ. ಅಲ್ಲಿ ಒಬ್ಬೊಬ್ಬನ ಹತ್ರ ನಾನೂರು ಆಕಳ ಇರ್ತಾವಂತ. ನನ್ನ ಹತ್ರ ನಾಕು ಎಮ್ಮಿ, ಅದರಾಗ ಒಂದು ಗೊಡ್ಡು. ನವೆಂಬರ್ 4ಕ್ಕ ನಮ್ಮ ದೇಶ ಬ್ಯಾಡ ಅಂತು. ನಾವು ಬಿಟ್ವಿ, ನಮಗ ಲಾಭ ಆತು. ಇಷ್ಟ.

ಯುಪಿಎಸ್ಸಿ_ನಾಲ್ಕನೇ_ಸಲ (ಕೊಪ್ಪಳ)
ಅಕ್ಕಾ, ಅದು ಬಿಟ್ಟಿದ್ದಲ್ಲ, ಸೇರದೇ ಇದ್ದದ್ದು. ಒಪ್ಪಂದಕ್ಕೆ ಸಹಿ ಆಗಿದ್ದೇ 2020ರ ನವೆಂಬರ್ 15ಕ್ಕೆ, 15 ದೇಶ. ನಾವು ಮಾತುಕತೆಯಿಂದ ಎದ್ದು ಬಂದ್ವಿ.

ನಾಕು_ಎಮ್ಮಿ (ಸಿರುಗುಪ್ಪ)
ಮದುವಿ ಮುಂಚೆ ಬ್ಯಾಡ ಅಂದ್ರೇನು, ಮದುವಿ ಆಗಿ ಬಿಟ್ರೇನು. ಮನಿ ಉಳೀತಲ್ಲ.

ನಿವೃತ್ತ_ಮೇಷ್ಟ್ರು (ರಾಯಚೂರು)
ವ್ಯತ್ಯಾಸ ಇದೆ ತಾಯಿ. ಮದುವೆಗೆ ಮುಂಚೆ ಬೇಡ ಅಂದರೆ ಮನೆ ಇದ್ದಂತೆ ಇರುತ್ತದೆ. ಮದುವೆಯಾಗಿ ನಲವತ್ತೇಳು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಬಿಟ್ಟರೆ? ಬ್ರಿಟನ್ ಸೇರಿದ್ದು 1973ರಲ್ಲಿ. ಕಾರಿನ ಬಿಡಿಭಾಗ ಅಲ್ಲಿ ಎರಕ, ಇಲ್ಲಿ ಕೊರೆತ, ಮತ್ತೆ ಅಲ್ಲಿ ಜೋಡಣೆ, ಹೀಗೆ ಕಾರ್ಖಾನೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದನ್ನು ಬಿಡಿಸುವುದು ದುಬಾರಿ.

ಹಾಲು ಉಳಿಯಿತು, ಒಪ್ಪುತ್ತೇನೆ. ಆದರೆ ಚೀನಾದ ಸರಕು ತಡೆಯಬೇಕು ಅಂತಲೂ ಆಗ ಹೇಳಿದ್ದರು. ಕೂಟಕ್ಕೆ ಸೇರದಿದ್ದರೂ ಆ ಸರಕು ಬಂದೇ ಬಂತು. 2024-25ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರದ ಕೊರತೆ 9,900 ಕೋಟಿ ಡಾಲರ್ ದಾಟಿತು.

ಸೂರ್ಯಕಾಂತಿ_ಹೋದ_ಕಾಲ (ಕುಷ್ಟಗಿ)
ಎಣ್ಣಿ ಬಗ್ಗೆ ಯಾರೂ ಮಾತಾಡಲ್ಲ. ನಾ ಸಣ್ಣಾಂವ ಇದ್ದಾಗ ನಮ್ಮ ಹೊಲದಾಗ ಎಲ್ಲೆಲ್ಲೂ ಹಳದಿ. ಈಗ ತಾಳೆ ಎಣ್ಣಿ ಇಂಡೋನೇಷ್ಯಾದಿಂದ, ಸೂರ್ಯಕಾಂತಿ ಎಣ್ಣಿ ರಷ್ಯಾ, ಉಕ್ರೇನಿನಿಂದ.

ರಾಯಚೂರು_ಹತ್ತಿ
ಕೂಟ ಸೇರೋದು ಬಿಡೋದು ದೊಡ್ಡ ಮಾತಾತು. ಒಂದು ಕಾಗದ ಸಾಕ್ರೀ. ಹೊರಗಿನ ಹತ್ತಿ ಮ್ಯಾಲೆ 2021ರಿಂದ ಶೇ 11 ಸುಂಕ ಇತ್ತು. 2025ರ ಆಗಸ್ಟ್ 19ಕ್ಕ ತೆಗೆದ್ರು. ಮೊದಲ ಸೆಪ್ಟೆಂಬರ್ ಕಡೀತನಕ ಅಂದ್ರು, ಆಮ್ಯಾಲೆ ಡಿಸೆಂಬರ್ 31ರ ತನಕ ಎಳೆದ್ರು. ನಮ್ಮ ಹತ್ತಿ ಬಿಡಿಸೋದು ಯಾವಾಗ? ಅದ ವ್ಯಾಳ್ಯಾದಾಗ. ನಾ ಯಾವ ಕೂಟಾನೂ ಸೇರಿಲ್ಲ, ಬಿಟ್ಟಿಲ್ಲ. ಆದ್ರ ಚೀಲ ಹೊತ್ಕೊಂಡು ಮಾರ್ಕೆಟ್ಟಿಗೆ ಹೋದಾಗ ಖರೀದಿದಾರ ಅಂದ, "ಹೊರಗಿಂದ ಬರಾಕತ್ತೈತಿ, ಇಷ್ಟಕ್ಕ ಕೊಡೋದಾದ್ರ ಕೊಡು."

ಜೀನ್ಸ್_ದಾರ (ಬಳ್ಳಾರಿ)
ಹತ್ತಿ ಅಣ್ಣಾ, ಬೇಜಾರಾಗಬೇಡ. ಅದು ನಮ್ಮಂಥವರಿಗೆ ಅಂತ ತೆಗೆದಿದ್ದು. ಅಮೆರಿಕ ಶೇ 50 ಸುಂಕ ಹಾಕಿದಮೇಲೆ ಬಟ್ಟೆಯವರು ಸತ್ತೇಹೋಗಿದ್ರು.

ರಾಯಚೂರು_ಹತ್ತಿ
ನೀ ಬದುಕಾಕ ನಾ ಸಾಯಬೇಕೇನಪಾ?

ಜೀನ್ಸ್_ದಾರ (ಬಳ್ಳಾರಿ)
ಅದಕ್ಕೆ ಉತ್ತರ ಇಲ್ಲ ಅಣ್ಣಾ.

ಯುಪಿಎಸ್ಸಿ_ನಾಲ್ಕನೇ_ಸಲ (ಕೊಪ್ಪಳ)
ಬ್ರಿಟನ್ ಒಂದನ್ನೇ ಹಿಡ್ಕೊಂಡು ಕೂತ್ರೆ ಹೇಗೆ? ಬೇರೆಯವರೂ ಬಿಟ್ಟಿದಾರೆ. ಗ್ರೀನ್‌ಲ್ಯಾಂಡ್ 1982ರಲ್ಲಿ ಜನಮತ ಹಾಕಿ 1985ರಲ್ಲಿ ಯುರೋಪಿನ ಸಮುದಾಯ (ಈಗಿನ ಒಕ್ಕೂಟದ ಹಳೇ ರೂಪ) ಬಿಡ್ತು. ಕಾರಣ ಮೀನು. ನಮ್ಮ ಕಡಲಲ್ಲಿ ಬೇರೆಯವರು ಯಾಕೆ ಹಿಡೀಬೇಕು ಅಂತ. ಆದ್ರೆ ಜಾಣತನ ನೋಡಿ, ಬಿಟ್ಟಮೇಲೂ ತಮ್ಮ ಮೀನು ಸುಂಕ ಇಲ್ಲದೆ ಯುರೋಪಿಗೆ ಹೋಗೋ ಹಾಗೆ ಮಾಡ್ಕೊಂಡ್ರು, ಬದಲಿಗೆ ಹಣ ತಗೊಂಡು ಅವರಿಗೆ ಮೀನು ಹಿಡಿಯೋ ಹಕ್ಕು ಕೊಟ್ರು. ಚಿಲಿ 1976ರಲ್ಲಿ ದಕ್ಷಿಣ ಅಮೆರಿಕದ ಆಂಡಿಯನ್ ಕೂಟ ಬಿಡ್ತು. ಕೂಟದವರು ಸುಂಕದ ಗೋಡೆ ಎತ್ತರ ಇರ್ಲಿ ಅಂದ್ರು, ಇವರು ಇಳಿಸ್ತೀವಿ ಅಂದ್ರು. 1979ರ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲದಕ್ಕೂ ಶೇ 10. ಆಮೇಲೆ ಅಮೆರಿಕ, ಚೀನಾ ಎಲ್ಲರ ಜೊತೆ ಒಪ್ಪಂದ. ಗೆದ್ರು.

ನಿವೃತ್ತ_ಮೇಷ್ಟ್ರು (ರಾಯಚೂರು)
1982ರಲ್ಲಿ ಚಿಲಿಯ ಬ್ಯಾಂಕುಗಳು ಮುಳುಗಿದ್ದನ್ನೂ ಸೇರಿಸಪ್ಪ, ಉತ್ತರಪತ್ರಿಕೆಯಲ್ಲಿ ಅರ್ಧ ಬರೆದರೆ ಅರ್ಧ ಅಂಕ. ಆದರೂ ಉದಾಹರಣೆ ಒಳ್ಳೆಯದು. ಚಿಲಿ ಬಿಟ್ಟದ್ದು ಇನ್ನೂ ಹೆಚ್ಚು ಬಾಗಿಲು ತೆರೆಯುವುದಕ್ಕೆ. ಬ್ರಿಟನ್ ಬಿಟ್ಟಾಗ ಅತಿ ದೊಡ್ಡ ಬಾಗಿಲೇ ಅರ್ಧ ಮುಚ್ಚಿತು, ಆಮೇಲೆ ಸಣ್ಣ ಕಿಟಕಿಗಳನ್ನು ಹುಡುಕಿಕೊಂಡು ಹೊರಟರು.

ಬೋರ್‌ವೆಲ್_ಆಫ್ರಿಕಾ (ಸಿಂಧನೂರು)
ನಾ 2023ರಾಗ ಬೆನಿನ್ ದೇಶದಾಗ ಬೋರ್‌ವೆಲ್ ಗಾಡಿ ಮ್ಯಾಲೆ ಇದ್ದೆ. ಆ ಜುಲೈದಾಗ ಬಾಜೂ ದೇಶ ನೈಜರ್‌ನ್ಯಾಗ ಸೈನ್ಯ ಅಧಿಕಾರ ಹಿಡೀತು. ಪಶ್ಚಿಮ ಆಫ್ರಿಕಾದ ಕೂಟ, ಇಕೋವಾಸ್ ಅಂತಾರ, ನಿರ್ಬಂಧ ಹಾಕ್ತು. ಮಲನ್‌ವಿಲ್ ಅಂತ ಗಡಿ ಊರು, ನಡುವ ನೈಜರ್ ಹೊಳಿ. ಲಾರಿ ಸಾಲು ಕಣ್ಣಿಗೆ ಕಾಣೋ ತನಕ ನಿಂತಿತ್ತು. ಉಳ್ಳಾಗಡ್ಡಿ ಲಾರಿ ವಾಸನಿ ಇನ್ನೂ ಮೂಗಿನ್ಯಾಗ ಐತಿ. ಡ್ರೈವರ್‌ಗಳು ಲಾರಿ ಕೆಳಗ ಚಾಪಿ ಹಾಸಿ ಅಡಿಗಿ ಮಾಡ್ಕೊಂತಿದ್ರು. ರಾತ್ರಿ ಮಾತ್ರ ಸಣ್ಣ ದೋಣ್ಯಾಗ ಮೂಟಿ ದಾಟ್ತಿದ್ವು, ಆನೆಗುಂದಿ ಅಜ್ಜನ ಕಥಿ ಓದಿ ಅದ ನೆನಪಾತು.

ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ 2025ರ ಜನವರಿ 29ಕ್ಕ ಆ ಕೂಟ ಬಿಟ್ವು. ಮೂರಕ್ಕೂ ಸಮುದ್ರ ಇಲ್ಲ. ಬಂದರು ಬೇಕಂದ್ರ ಹೆಚ್ಚಾಗಿ ಬಿಟ್ಟ ಕೂಟದವರ ದೇಶ ದಾಟಿ ಹೋಗಬೇಕು. ಸಿಟ್ಟು ಖರೇ ಇರಬಹುದು, ದಾರಿ ಯಾರ ಮನಿ ಮುಂದ ಐತಿ ನೋಡ್ಕೋಬೇಕಲ್ಲ.

ಯುಪಿಎಸ್ಸಿ_ನಾಲ್ಕನೇ_ಸಲ (ಕೊಪ್ಪಳ)
ಸೇರಿಸ್ತೀನಿ: ಆ ಕಡೆಯ ದೇಶಗಳು ಒಟ್ಟಿಗೆ ಬಳಸೋ ಫ್ರಾಂಕ್ ನಾಣ್ಯದ ಒಕ್ಕೂಟವನ್ನ ಮೂವರೂ ಬಿಟ್ಟಿಲ್ಲ. ಅಂದ್ರೆ ಪೂರ್ತಿ ಬಿಟ್ಟಂಗೂ ಅಲ್ಲ.

ಟೀ_ಪಾಯಿಂಟ್ (ಗಂಗಾವತಿ)
ಬ್ರಿಟನ್ ಒಕ್ಕೂಟ ಬಿಟ್ಟಿದ್ದಕ್ಕ ಕೊರೊನಾ ಲಸಿಕೆ ಎಲ್ಲಾರಿಗಿಂತ ಮೊದಲ ಸಿಕ್ತು. ಇದಕ್ಕೇನಂತೀರಿ?

ಹೊಸಪೇಟೆ_ಟು_ಲೆಸ್ಟರ್
ಇಲ್ಲೂ ಇದೇ ಹೇಳ್ತಿದ್ರು. ಲಸಿಕೆಗೆ ಒಪ್ಪಿಗೆ ಕೊಟ್ಟಿದ್ದು 2020ರ ಡಿಸೆಂಬರ್ 2ಕ್ಕೆ. ಆಗಿನ್ನೂ ಒಕ್ಕೂಟದ ನಿಯಮಾನೇ ನಡೀತಿತ್ತು. ಆ ನಿಯಮದೊಳಗೇ ತುರ್ತು ಒಪ್ಪಿಗೆಗೆ ಅವಕಾಶ ಇತ್ತು. ಹಳೇ ನೀಲಿ ಪಾಸ್‌ಪೋರ್ಟ್ ವಾಪಸ್ ಬಂತು ಅಂತಲೂ ಕುಣಿದ್ರು. ಅದು ತಯಾರಾಗಿದ್ದು ಪೋಲೆಂಡಿನಲ್ಲಿ. ಒಕ್ಕೂಟದಲ್ಲಿ ಇರೋ ಕ್ರೊಯೇಷಿಯಾದ ಪಾಸ್‌ಪೋರ್ಟೂ ನೀಲಿನೇ!

ಹೊರಗಿನ ಜನ ಕಮ್ಮಿ ಆಗ್ತಾರೆ ಅಂತ ಓಟು ಹಾಕಿದವರ ಕಥೆ ಇನ್ನೂ ಮಜಾ. ಯುರೋಪಿನವರು ಕಮ್ಮಿ ಆದ್ರು, ನಮ್ಮವರು ಬಂದ್ರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಬಂದವರಲ್ಲಿ ಹೋದವರನ್ನ ಕಳೆದು ಉಳಿದವರು 9 ಲಕ್ಷದ ಮೇಲೆ. ಲಿಂಗಸುಗೂರಿನ ಇಬ್ಬರು ನರ್ಸ್ ಹುಡುಗೇರು ನನ್ನ ಪಕ್ಕದ ಬೀದಿಯಲ್ಲೇ ಇದಾರೆ, ಭಾನುವಾರ ಜೋಳದ ರೊಟ್ಟಿ ನಮ್ಮನೆಗೆ ಬರುತ್ತೆ.

ಟೀ_ಪಾಯಿಂಟ್ (ಗಂಗಾವತಿ)
ಜ್ವಾಳದ ಹಿಟ್ಟು ಅಲ್ಲಿ ಸಿಗತೈತಾ?

ಹೊಸಪೇಟೆ_ಟು_ಲೆಸ್ಟರ್
ಸಿಗುತ್ತೆ. ರುಚಿ ಕೇಳಬೇಡಿ.

ಸಂಡೂರು_ಕೆಂಪುಮಣ್ಣು
ಯಾರೂ ವಿಸ್ಕಿ ಬಗ್ಗೆ ಬಾಯಿ ಬಿಡವಲ್ರು. ಬ್ರಿಟನ್ ಜೋಡಿ ಒಪ್ಪಂದದಾಗ ಸ್ಕಾಚ್ ಮ್ಯಾಲೆ ಸುಂಕ ಶೇ 150ರಿಂದ 75ಕ್ಕ, ಹತ್ತು ವರ್ಷದಾಗ 40ಕ್ಕ ಇಳಿಯೋ ಹಂಗ ಬರದಾರಂತ.

ಎಡದಂಡೆ_ಟೇಲೆಂಡ್ (ಮಾನ್ವಿ)
ಕಾಲುವಿ ಕಡೀ ಭಾಗಕ್ಕ ಅದೂ ಬರಂಗಿಲ್ಲ ಬಿಡು.

ಕಾರಟಗಿ_ಲೆಕ್ಕ
ಎಲ್ಲಾ ಓದಿ ಹೇಳಿದೆ ರೀ. ತೀರ್ಪು ಕೊಟ್ಟೆ: ಸಹಿ ಬಿದ್ದ ಮಾತು ಮೇಸ್ತ್ರಿದು ಖರೇ, ಬ್ರಿಟನ್ ಪದರಿನ ಲೆಕ್ಕ ಸಾಹುಕಾರ್ರ ಮಗಂದು ಖರೇ. 4 ಎಲ್ಲಿ, 0.1 ಎಲ್ಲಿ. ಮೇಸ್ತ್ರಿ ಸೋತ. ಸೋತೆ ಅಂತ ಒಪ್ಪಲಿಲ್ಲ, ಒಂದು ಪ್ರಶ್ನಿ ಕೇಳ್ಯಾನ. ಲೆಸ್ಟರಿನೋರು ಹೇಳ್ರಿ: ಒಕ್ಕೂಟದಾಗ ಇದ್ದಾಗ ಅಲ್ಲಿ ಹಮಾಲಿ ಎಷ್ಟಿತ್ತು, ಈಗ ಎಷ್ಟೈತಿ?

ಹೊಸಪೇಟೆ_ಟು_ಲೆಸ್ಟರ್
ಜನಮತದ ವರ್ಷ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.20 ಪೌಂಡ್. 2025ರ ಏಪ್ರಿಲ್‌ನಲ್ಲಿ 12.21 ಆಯ್ತು. ಆದ್ರೆ ಇದನ್ನ ಒಕ್ಕೂಟ ಬಿಟ್ಟಿದ್ದಕ್ಕೆ ಜೋಡಿಸಬೇಡಿ, ಸರ್ಕಾರ ವರ್ಷವರ್ಷ ಏರಿಸಿದ್ದು. ನನ್ನ ಮನೆ ಬಾಡಿಗೆನೂ ಹಂಗೇ ಏರಿದೆ.

ಕಾರಟಗಿ_ಲೆಕ್ಕ
ಓದಿ ಹೇಳಿದೆ. ಬಾಡಿಗಿ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ. "ಒಂಬತ್ತು ವರ್ಷದಾಗ ಅಲ್ಲಿ ಅಷ್ಟು ಏರೈತಿ, ಇಲ್ಲಿ ಚೀಲಕ್ಕ ಯಾವಾಗ ಏರಸ್ತೀರಿ?" ಅಂತ ಸಾಹುಕಾರ್ರ ಮಗನ ಕಡೆ ತಿರುಗಿ ಕುಂತಾನ. ಹದಿಮೂರು ಮಂದಿ ಮಿರ್ಚಿ ಕೈಯಾಗ ಹಿಡ್ಕೊಂಡು ಅವನ ಮಾರಿ ನೋಡಾಕತ್ಯಾರ. ಅಂವ ಫೋನ್ ಬಂತು ಅಂತ ಹೊರಗ ಹೋದ. ಫೋನ್ ಮೇಜಿನ ಮ್ಯಾಲೇ ಐತಿ.